ಸಾಲದ ಸಭೆಯಲ್ಲೇ ಆರೋಗ್ಯದ ಮಾತೂ ಬರಲಿ

ಮಾನ್ಯ ಸಂಪಾದಕರೇ,

ಹಳ್ಳಿಯ ಬಡತನಕ್ಕೆ ಒಂದು ಇಲಾಖೆ, ಕಾಯಿಲೆಗೆ ಇನ್ನೊಂದು. ಮನೆಯೊಳಗೆ ಮಾತ್ರ ಇವೆರಡೂ ಒಂದೇ. ದುಡಿಯುವವರು ಹಾಸಿಗೆ ಹಿಡಿದರೆ ಕೂಲಿ ನಿಲ್ಲುತ್ತದೆ. ಚಿಕಿತ್ಸೆಗೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿ ಕಟ್ಟಲು ದನವೋ ಜಮೀನೋ ಮಾರಾಟ. ಆಮೇಲೆ ಊಟಕ್ಕೇ ಕತ್ತರಿ. ಹೆಂಗಸರು ಅರೆಹೊಟ್ಟೆ ಉಂಡು, ರಕ್ತಹೀನತೆಯಲ್ಲೇ ಮತ್ತೆ ಕೆಲಸಕ್ಕೆ ಹೋಗುತ್ತಾರೆ.

ಇದು ಹೊಸ ವಿಚಾರವಲ್ಲ. ಆರೋಗ್ಯಕ್ಕೆ ಕೃಷಿ, ಪಶುಪಾಲನೆ, ಆಹಾರ, ಶಿಕ್ಷಣ, ವಸತಿ ಎಲ್ಲವೂ ಕೈಜೋಡಿಸಬೇಕು ಎಂದು 1978ರಲ್ಲಿ ಪ್ರಾಥಮಿಕ ಆರೋಗ್ಯದ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಆಲ್ಮಾ ಅಟಾ ಘೋಷಣೆಯೇ ಹೇಳಿತ್ತು. ಮಹಾರಾಷ್ಟ್ರದ ಜಾಮಖೇಡದಲ್ಲಿ ವೈದ್ಯ ದಂಪತಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ 1970ರಲ್ಲೇ ಈ ದಾರಿ ಹಿಡಿದರು. ಹಳ್ಳಿಯ ಹೆಂಗಸರೇ ತರಬೇತಿ ಪಡೆದು ಆರೋಗ್ಯ ಕಾರ್ಯಕರ್ತೆಯರಾದರು. ಕುಡಿಯುವ ನೀರು, ಬೇಸಾಯವೂ ಆ ಕೆಲಸದ ಭಾಗವಾಗಿತ್ತು.

ಉಳಿತಾಯ ಸಂಘಗಳ ಸಭೆಗೆ ಹೆಂಗಸರು ಹೇಗೂ ಬರುತ್ತಾರೆ, ಅಲ್ವಾ? ಅಲ್ಲೇ ರಕ್ತದೊತ್ತಡ, ಹಿಮೋಗ್ಲೋಬಿನ್ ಪರೀಕ್ಷೆ ನಡೆಯಲಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಕಲಸುವುದನ್ನು ಹೇಳಿಕೊಡಲಿ. ಚಿಕಿತ್ಸೆಗೆಂದೇ ಕಡಿಮೆ ಬಡ್ಡಿಯ ನಿಧಿ ಇರಲಿ. ಮನೆ ಮನೆ ಸುತ್ತುವ ಕಾರ್ಯಕರ್ತೆಗೆ ಸುಮ್ನೆ ಗೌರವಧನವಲ್ಲ, ಸರಿಯಾದ ಸಂಬಳ ಕೊಡಿ. ಅದೂ ಹಳ್ಳಿಯ ಆದಾಯವೇ.

ಇಂತಿ,
ಓರ್ವ ಓದುಗ