ಕುಣಿತ ಕಟ್ಟಿದವರ ಹೆಸರೂ ಬರಲಿ

ಸಂಪಾದಕರೇ,

ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅಲ್ಲಿನ ಜನಪದ ಕುಣಿತ ಕಾಂಟ್ರಾ ಡ್ಯಾನ್ಸ್ ಕುಣಿದು ಬಂದೆ, ಅದಕ್ಕೇ ಈ ಪತ್ರ. ಜೋಡಿಗಳು ಉದ್ದ ಸಾಲಲ್ಲಿ ಎದುರುಬದುರು ನಿಲ್ಲುತ್ತಾರೆ. ಪಿಟೀಲು ಶುರುವಾಗುತ್ತದೆ. ಒಂದು ಸುತ್ತಿಗೆ 64 ಎಣಿಕೆ, ಅಷ್ಟರೊಳಗೆ ಪ್ರತಿ ಜೋಡಿ ಹೊಸ ಜೋಡಿಯ ಎದುರಿಗೆ ಬಂದಿರಬೇಕು, ನಮ್ಮ ಕೋಲಾಟದಲ್ಲಿ ಜೊತೆಗಾರರು ಬದಲಾಗುತ್ತಾರಲ್ಲ, ಹಾಗೇ.

ಹೆಜ್ಜೆ ಕೂಗಿ ಹೇಳುವವರನ್ನು ಕಾಲರ್ ಅಂತಾರೆ. ಹೆಜ್ಜೆ ಬರುವ ಮುಂಚೆಯೇ ಅವರು ಕೂಗಬೇಕು, ಸ್ವಲ್ಪ ತಡವಾದರೂ ಇಡೀ ಸಾಲು ಗಲಿಬಿಲಿ. ಕುಣಿತ ಬರೆಯುವುದು, ಅಂದರೆ ಹೆಜ್ಜೆಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು, ಇನ್ನೂ ಕಷ್ಟ ಅನಿಸಿತು. ಒಂದು ಹೆಜ್ಜೆ ಮುಗಿದಾಗ ಯಾವ ಕೈ ಖಾಲಿ, ಮುಖ ಯಾವ ಕಡೆ ಅಂತ ನೋಡಿ ಮುಂದಿನದನ್ನು ಹೊಂದಿಸಬೇಕು. ಬಲಗೈ ಹಿಡಿದು ಒಬ್ಬರನ್ನು ಸುತ್ತಿ ಬಿಟ್ಟೆ, ನನ್ನ ಎಡಗೈ ತಾನಾಗಿ ಇನ್ನೊಬ್ಬರ ಕೈಗೆ ಸಿಕ್ಕಿತು! ಅದು ಸುಮ್ನೆ ಆಗಿದ್ದಲ್ಲ, ಯಾರೋ ಕೂತು ಯೋಚಿಸಿದ್ದು.

ಕುಣಿತಕ್ಕೆ ಮುಂಚೆ ಕಾಲರ್ ಅದನ್ನು ಬರೆದವರ ಹೆಸರು ಹೇಳಿದರು. ತುಂಬಾ ಇಷ್ಟವಾಯಿತು. ನಮ್ಮಲ್ಲೂ ಕೋಲಾಟಕ್ಕೆ ಹೊಸ ವರಸೆ ಕಟ್ಟುವವರು ಇದ್ದಾರೆ ಅಲ್ವಾ? ನಿಮ್ಮ ವರದಿಗಳಲ್ಲಿ ತಂಡದ ಹೆಸರಿನ ಜೊತೆ ಅವರ ಹೆಸರನ್ನೂ ದಯವಿಟ್ಟು ಹಾಕಿ.

– ಓದುಗ, ಮೈಸೂರು