ಘಾಟಿಯ ಬಸ್ಸಿಗೂ ಬೇಕು ಉಪಗ್ರಹದ ಸಂಪರ್ಕ

ಮಾನ್ಯ ಸಂಪಾದಕರೇ,

ನನ್ನ ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಮಳೆಗಾಲದಲ್ಲಿ ಊರಿಗೆ ಹೊರಟರೆ ಗುಂಡ್ಯದಿಂದ ತಪ್ಪದೆ ಫೋನ್ ಮಾಡುತ್ತಾಳೆ: ‘ಅಮ್ಮಾ, ಇನ್ನು ಸಿಗ್ನಲ್ ಇರಲ್ಲ.’ ಬಸ್ಸು ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿ ತಲುಪುವವರೆಗೆ ಓಡುತ್ತಿದೆಯೋ, ಎಲ್ಲಾದರೂ ನಿಂತಿದೆಯೋ ಗೊತ್ತಾಗುವುದಿಲ್ಲ. ನಿಲ್ದಾಣದಲ್ಲಿ ವಿಚಾರಿಸಿದರೆ ‘ಬರುತ್ತೆ ಮೇಡಂ, ಕೂತ್ಕೊಳ್ಳಿ’ ಅನ್ನುತ್ತಾರೆ. ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು?

2019ರ ಜನವರಿ 1ರಿಂದ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಲ್ಲಿ ಟ್ರ್ಯಾಕಿಂಗ್ ಸಾಧನ ಮತ್ತು ತುರ್ತು ಬಟನ್ ಇರಬೇಕೆಂದು ಕೇಂದ್ರದ ನಿಯಮವಿದೆ. ಉಪಗ್ರಹಗಳೇ ಬಸ್ಸನ್ನು ನೋಡಿ ಕಂಟ್ರೋಲ್ ರೂಮಿಗೆ ತಿಳಿಸುತ್ತವೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಉಪಗ್ರಹಗಳ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಬಸ್ಸಿನಲ್ಲಿರುವ ಸಾಧನ. ಅದನ್ನು ಕಂಟ್ರೋಲ್ ರೂಮಿಗೆ ಕಳಿಸುವುದು ಅದರೊಳಗಿನ ಸಿಮ್. ನೆಟ್‌ವರ್ಕ್ ಇಲ್ಲದಿದ್ದರೆ ವಿವರವನ್ನು ಕೂಡಿಟ್ಟುಕೊಂಡು, ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತದೆ. ಬಸ್ಸು ಕ್ಷೇಮವಾಗಿ ಘಾಟಿ ದಾಟಿದ ಮೇಲೆ ಆ ವಿವರ ಬಂದು ಏನು ಪ್ರಯೋಜನ? ನನಗೆ ಇನ್ನೂ ಭಯವಾಗುವುದು ಆ ಕೆಂಪು ಬಟನ್ ನೆನೆದು. ಕಾಡಿನ ನಡುವೆ ಒಬ್ಬ ಹುಡುಗಿ ಅದನ್ನು ಒತ್ತಿದರೆ ಯಾರಿಗೆ ತಿಳಿಯುತ್ತದೆ?

ಸಮುದ್ರದಲ್ಲೂ ಟವರ್ ಇಲ್ಲ ಅಲ್ವಾ? ಅಲ್ಲಿಗೆ ಇಸ್ರೋ ದಾರಿ ತೋರಿಸಿದೆ. ಮೀನುಗಾರರ ಒಂದು ಲಕ್ಷ ದೋಣಿಗಳಿಗೆ ಉಚಿತವಾಗಿ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಹಾಕಿಸುವ ಕೇಂದ್ರದ ಯೋಜನೆಯಿದೆ. ದೋಣಿ ಇರುವ ಜಾಗ, ಅಪಾಯದ ಸಂದೇಶ ಎಲ್ಲವೂ ಉಪಗ್ರಹದ ಮೂಲಕವೇ ದಡ ಸೇರುತ್ತವೆ. ದಡದಿಂದಲೂ ಸಂದೇಶ ಕಳಿಸಬಹುದು. ಇದಕ್ಕೆ ಬಳಸುವ ಜಿಸ್ಯಾಟ್-6 ಉಪಗ್ರಹ 2015ರಲ್ಲಿ ಹಾರಿದ್ದು. ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ!

ಇದೇ ಸಾಧನವನ್ನು ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಬಸ್ಸು ಮತ್ತು ಆಂಬುಲೆನ್ಸ್‌ಗಳಿಗೆ ಯಾಕೆ ಹಾಕಬಾರದು? ಆ ಉಪಗ್ರಹ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೇ ಇರುವುದರಿಂದ ಗುಡ್ಡಗಳು ಅಡ್ಡ ಬರುವುದು ಕಡಿಮೆ. ದಟ್ಟ ಮರಗಳ ಕೆಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಓಡಿಸಿಯೇ ನೋಡಬೇಕು. ರಾತ್ರಿ ಬಸ್ಸುಗಳಿಂದ ಶುರು ಮಾಡಲಿ.

2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ವಾಹನಗಳು ಸಿಕ್ಕಿಕೊಂಡಿದ್ದು ಎಲ್ಲರಿಗೂ ನೆನಪಿದೆ. ನಾಲ್ಕಾರು ಬಸ್ಸುಗಳು ಒಂದೇ ಕಡೆ ನಿಂತಿವೆ ಎಂದು ಕೂಡಲೇ ತಿಳಿದರೆ, ಹಿಂದೆ ಬರುವವರನ್ನು ಗುಂಡ್ಯದಲ್ಲೇ, ಮಾರನಹಳ್ಳಿಯಲ್ಲೇ ತಡೆಯಬಹುದು. ಸುಮ್ನೆ ಘಾಟಿಯೊಳಗೆ ಹೋಗಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಈ ಮಾಹಿತಿ ಕಂಟ್ರೋಲ್ ರೂಮಿನಲ್ಲೇ ಉಳಿಯಬಾರದು. ಬಸ್ಸು ಎಲ್ಲಿದೆ ಎಂದು ತೋರಿಸುವ ಬೋರ್ಡನ್ನು ಸಕಲೇಶಪುರ, ಉಪ್ಪಿನಂಗಡಿ ನಿಲ್ದಾಣಗಳಲ್ಲಿ ಹಾಕಲಿ. ಸಾರಿಗೆ ಇಲಾಖೆಯೂ ಇಸ್ರೋ ಕೂಡ ಕೂತು ಮಾತಾಡಿ, ಮುಂದಿನ ಮಳೆಗಾಲದೊಳಗೆ ಒಂದು ಘಾಟಿಯಲ್ಲಾದರೂ ಇದನ್ನು ಜಾರಿಗೆ ತರಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ತಾಯಿ, ಸಕಲೇಶಪುರ