ಹೊಸಮನೆ ಒಕ್ಕಲಿಗೆ ನಾಲ್ಕು ದಿನ ಮೊದಲೇ ಬಾ

ಬದಿಯಡ್ಕ, ಕಾಸರಗೋಡು

ಪ್ರೀತಿಯ ಮಗಳೇ,

ಹಿಂದಿನ ದಿನ ಸಂಜೆ ಬರುತ್ತೇನೆ ಅಂತ ನೀನು ಫೋನಲ್ಲಿ ಹೇಳಿದೆ. ಅಮ್ಮ ಸರಿ ಅಂದಳು. ಫೋನ್ ಇಟ್ಟ ಮೇಲೆ ಮಾತೇ ಇಲ್ಲ. ಅದಕ್ಕೇ ಈ ಕಾಗದ.

ಪ್ರವೇಶ ಕುಂಭ ಮಾಸ 9ಕ್ಕೆ, ಬೆಳಿಗ್ಗೆ 7.05ಕ್ಕೆ. ಸ್ಥಿರ ಲಗ್ನವೇ ಬೇಕು ಅಂತ ಭಟ್ಟಮಾವ ಕುಂಭ ಲಗ್ನ ಹಿಡಿದಿದ್ದಾರೆ. ಹಿಂದಿನ ರಾತ್ರಿ ವಾಸ್ತು ಹೋಮ, ಬಲಿ. ಮರುದಿನ 12 ಕಾಯಿ ಗಣಹೋಮ, ಸತ್ಯನಾರಾಯಣ ಪೂಜೆ. ಸಾಮಾನಿನ ಪಟ್ಟಿಯೇ ಎರಡು ಹಾಳೆ. ಕಾಯಿ, ಬೆಲ್ಲ, ಎಳ್ಳು, ಕಬ್ಬು ಎಲ್ಲ ಆಯಿತು. ಭತ್ತದ ಹೊದಳು ಮಾತ್ರ ಅಂಗಡಿಯದ್ದು ಬೇಡವಂತೆ, ಅಮ್ಮನೇ ಹುರಿಯುತ್ತಾಳೆ.

ಆಮಂತ್ರಣ ಅಚ್ಚಾಗಿ ಬಂತು. "ಗ್ರಹಪ್ರವೇಶ" ಅಂತ! ಡಿಟಿಪಿ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನು ಶಾಲೆಯಲ್ಲಿ ಕಲಿತದ್ದು ಮಲಯಾಳ. 200 ಕಾಗದಕ್ಕೂ ಪೆನ್ನಿನಲ್ಲಿ ವಟ್ರಸುಳಿ ತಿದ್ದುತ್ತಾ ಕೂತಿದ್ದೇನೆ. ಆಚೆಮನೆಯವರಿಗೆ ಬಾಯಲ್ಲೇ ಹೇಳಿ ಬಂದೆ. "ಪಾಲುಕಾಚಲ್ ಎಷ್ಟು ಗಂಟೆಗೆ?" ಅಂತ ಕೇಳಿದರು. ಹಾಲು ಕಾಯಿಸುವುದು, ಮಲಯಾಳದಲ್ಲಿ ಪ್ರವೇಶಕ್ಕೆ ಅದೇ ಹೆಸರು.

ಹಾಲು ನೀನೇ ಉಕ್ಕಿಸಬೇಕು. ಗ್ಯಾಸಿನಲ್ಲಿ ಸಾಕಲ್ವಾ ಅಂತ ನಾನಂದೆ. ಅಮ್ಮ ಮುಖ ತಿರುಗಿಸಿದಳು. ಕೊನೆಗೆ ರಾಜಿಯಾದದ್ದು ಹೀಗೆ: ಟೈಲ್ಸ್ ಮೇಲೆ ತಗಡು, ಅದರ ಮೇಲೆ ಮರಳು, ಮರಳಿನ ಮೇಲೆ ನಮ್ಮ ಹಳೇ ಒಲೆಯ ಮೂರು ಕಲ್ಲು. ಕಲ್ಲು ಕೀಳಬೇಕಾದದ್ದು ಹಿಂದಿನ ದಿನ ಮಧ್ಯಾಹ್ನ, ಊಟದ ಪಾತ್ರೆ ಇಳಿಸಿದ ಮೇಲೆ. 31 ವರ್ಷ ಅವಳು ಊದಿದ ಒಲೆ ಅದು. ಆ ಹೊತ್ತಿಗೆ ನೀನು ಇಲ್ಲಿರಬೇಕು.

ಇನ್ನು ನಮ್ಮ ದನ ಕೆಂಪಿಯ ಸಂಗತಿ. ಮೊದಲು ದನ ಕರು ಒಳಗೆ ಹೋಗಬೇಕಲ್ಲ. ನಮ್ಮದು ಕಾಸರಗೋಡು ಗಿಡ್ಡ ತಳಿ, ನನ್ನ ಸೊಂಟದಷ್ಟು ಎತ್ತರ. ಗುಡ್ಡೆಯ ಮುರಕಲ್ಲಿನ ಮೇಲೆ ಆಡಿನ ಹಾಗೆ ಹತ್ತುತ್ತಾಳೆ. ಮುಹೂರ್ತಕ್ಕೆ ಮೊದಲು ಬಾಗಿಲು ದಾಟುವಂತಿಲ್ಲ ಅಂತ ಮೊನ್ನೆ ಹೊಸ ಜಗಲಿಯಲ್ಲೇ ಅಭ್ಯಾಸ ಮಾಡಿಸಿದೆ. ಮುಂದಿನ ಎರಡು ಕಾಲು ಇಟ್ಟಳು, ಗೊರಸು ಜರ್ರನೆ ಜಾರಿತು. ಕಣ್ಣರಳಿಸಿ ನನ್ನನ್ನೇ ನೋಡಿದಳು, ಅಲ್ಲೇ ಸೆಗಣಿ ಹಾಕಿ ತಿರುಗಿ ಹೊರಟಳು. "ಸೆಗಣಿ ಬಿತ್ತು, ಜಗಲಿ ಶುದ್ಧವಾಯಿತು" ಅಂತ ಅಮ್ಮನಿಗೆ ನಗು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಈಗ ಅಡಿಕೆಯ ಗೋಣಿ ಒದ್ದೆ ಮಾಡಿ ಹಾಸಿ, ಬೆಲ್ಲ ತೋರಿಸಿ ದಿನಾ ಸಂಜೆ ನಡೆಸುತ್ತಿದ್ದೇನೆ. ನಿನ್ನೆ ಬಾಗಿಲ ತನಕ ಬಂದಳು. ಕರು ಮಾತ್ರ ಮೆಟ್ಟಿಲೇ ಹತ್ತುವುದಿಲ್ಲ. ಕಳೆದ ಸಲ ಬಂದಾಗ ನೀನು ಬೆರಳು ಚೀಪಿಸಿದ ಕರು ಅದು. ಅದನ್ನು ಹತ್ತಿಸುವುದು ನಿನಗೇ ಬಿಟ್ಟದ್ದು.

ಅಳಿಯಂದಿರು ಹಿಂದಿನ ದಿನ ಬಂದರೂ ನಡೆಯುತ್ತದೆ.

ನಿನ್ನ ಅಪ್ಪ